ಸೊಲ್ಲು ಹಿಡಿಯದ ದಿನ

ನಮ್ಮ ಕಡೆ ಮದುವೆಯಲ್ಲಿ ಸೋಬಾನೆ ಹಾಡುವಾಗ ಒಬ್ಬಳು ಪದ ಎತ್ತುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಅವಳು ಎತ್ತಿದ ಸಾಲನ್ನು ಹಿಂದಿನವರು ತಿರುಗಿ ಹಾಡಿದರಷ್ಟೇ ಅವಳು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಹೋಗಬಹುದು. ಹಿಡಿಯದಿದ್ದರೆ ಅದೇ ಸಾಲನ್ನು ಮತ್ತೆ ಎತ್ತಬೇಕು. ಗಂಡು ಹೆಣ್ಣು ಹಸೆಯ ಮೇಲೆ ಕೂತಿರುವಾಗ ಪದ ನಡುವೆ ನಿಲ್ಲುವಂತಿಲ್ಲ. ಹಾಡು ಮುಗಿದ ಮೇಲೆ ಮೊದಲ ವೀಳ್ಯ ಪದ ಎತ್ತಿದವಳಿಗೆ.

ನಮ್ಮದು ಹರದನಹಳ್ಳಿ. ನಾನು ಮೂರನೇ ಕ್ಲಾಸಿನ ತನಕ ಓದಿದೆ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳಾದ ತಂಗಿ ಸ್ಕೂಲಿಗೇ ಹೋಗಲಿಲ್ಲ. ಅಜ್ಜಿಯ ಪದಗಳನ್ನೆಲ್ಲ ಕಲಿತವಳು ನಾನು. ರಾಗಿ ಬೀಸುತ್ತ ತಂಗಿಗೆ ಬಾಯಿಪಾಠ ಮಾಡಿಸಿದವಳೂ ನಾನೇ. ಆದರೆ ಅವಳು ಬಾಯಿ ತೆಗೆದರೆ ಒಲೆಯ ಮುಂದಿದ್ದ ಹೆಂಗಸರು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ನಾನು ಹಾಡಿದರೆ ಯಾರೂ ಎದ್ದು ಬರುತ್ತಿರಲಿಲ್ಲ. ಹೀಗಾಗಿ ಪದ ಎತ್ತುವವಳು ಅವಳಾದಳು. ಸಾಲು ಮರೆತಾಗ ಕಿವಿಯಲ್ಲಿ ಹೇಳಿಕೊಟ್ಟು, ಎಲ್ಲರಿಗಿಂತ ಮೊದಲು ಸೊಲ್ಲು ಹಿಡಿಯುವುದು ನನ್ನ ಪಾಲಿಗೆ ಬಂತು. ಅವಳ ಕೈಗೆ ಬೀಳುತ್ತಿದ್ದ ಮೊದಲ ವೀಳ್ಯವನ್ನು ಪ್ರತಿ ಮದುವೆಯಲ್ಲೂ ನೋಡಿದೆ. ನೋಡಿ ನೋಡಿ ಒಳಗೇ ಬೆಂದೆ.

ಇದು ಐವತ್ತರ ದಶಕದ ಮಾತು, ನಮ್ಮಿಬ್ಬರಿಗೂ ಇನ್ನೂ ಮದುವೆಯಾಗಿರಲಿಲ್ಲ. ಚಾಮರಾಜನಗರದ ಬ್ಯಾಂಡ್ ಸೆಟ್ಟಿನ ಯಜಮಾನರೊಬ್ಬರು ಎಲ್ಲೋ ತಂಗಿಯ ಹಾಡು ಕೇಳಿ ಅಪ್ಪನನ್ನು ಹುಡುಕಿಕೊಂಡು ಮನೆಗೇ ಬಂದರು.

"ಡೋಲು, ಕ್ಲಾರಿನೆಟ್ ಎಲ್ಲಾ ಇಂದ್ಗಡೆ ಇರ್ಲಿ. ಈ ಎಣ್ಮಗ ಮುಂದ್ಗಡೆ ನಿಂತ್ಕಂಡು ಪದ ಎತ್ಲಿ. ಇಂಥದ್ನ ಈ ಸೀಮೇಲಿ ಯಾರೂ ನೋಡಿಲ್ಲ ಕಣಪ್ಪ."

"ಗಂಡಸ್ರ ಡೋಲ್ಗೆ ಎಣ್ಮಗ ಮುಂದ್ ನಿಂತ್ಕಳದಾ?" ಎಂದಳು ಅವ್ವ.

"ಅವ್ರಕ್ಕನೂ ಜೊತೇಲಿ ಓಗ್ಲಿ ಬುಡು" ಎಂದ ಅಪ್ಪ.

ಜೊತೆಯಲ್ಲಿ. ಬುತ್ತಿಯ ಗಂಟಿನ ಹಾಗೆ.

ಗುಂಡ್ಲುಪೇಟೆಯ ಒಂದು ಮದುವೆಗೆ ಅವರ ಬ್ಯಾಂಡೂ ಬರುವುದಿತ್ತು, ಊರಿನ ಇನ್ನು ನಾಲ್ವರು ಹೆಂಗಸರ ಜೊತೆ ನಾವೂ ಸೋಬಾನೆಗೆ ಹೋಗುವುದಿತ್ತು. ಡೋಲಿನ ಸದ್ದನ್ನು ಮೀರಿ ಅವಳ ದನಿ ಕೇಳಿಸಿದರೆ ಆ ಮದುವೆ ಕಾಲವಿಡೀ ಅವಳನ್ನು ಬ್ಯಾಂಡಿನ ಮುಂದೆ ನಿಲ್ಲಿಸುವುದೆಂದು ಮಾತಾಯಿತು. ತಂಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಗುಂಡ್ಲುಪೇಟೆಯಲ್ಲಿ ಇಳಿದಾಗ, "ಅಕ್ಕ, ಗೋಪಾಲಸ್ವಾಮಿ ಬೆಟ್ಟ ನೋಡು, ಮಂಜ ಮುಸುಕಾಕಂಡು ಮನಿಕಂಡದೆ" ಎಂದು ನಕ್ಕಳು. ಬೆಟ್ಟ ಕೂಡ ಮೊದಲು ಅವಳ ಕಣ್ಣಿಗೇ ಬೀಳಬೇಕೇ ಎನ್ನಿಸಿತು ನನಗೆ.

ಚಪ್ಪರದಲ್ಲಿ ಮೊದಲೆರಡು ಪದ ಚೆನ್ನಾಗಿಯೇ ಹೋದವು. ಡೋಲಿನವನು ತಲೆದೂಗಿದ. ಯಜಮಾನರು ಕ್ಲಾರಿನೆಟ್ ಕೆಳಗಿಟ್ಟು ತಂಗಿಯನ್ನೇ ನೋಡುತ್ತಿದ್ದರು. ಗಂಡು ಹೆಣ್ಣನ್ನು ಹಸೆಗೆ ಕೂರಿಸಿದರು. ತಂಗಿ ಪದ ಎತ್ತಿದಳು.

ನಾನು ಸೊಲ್ಲು ಹಿಡಿಯಲಿಲ್ಲ. ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡೆ. ಉಳಿದ ನಾಲ್ವರಿಗೆ ನಾನು ಶುರು ಮಾಡಿದ ಮೇಲೆ ದನಿ ಸೇರಿಸಿಯೇ ರೂಢಿ, ಅವರು ನನ್ನ ಮುಖವನ್ನೇ ನೋಡುತ್ತ ಕೂತರು. ತಂಗಿ ಅದೇ ಸಾಲನ್ನು ಮತ್ತೆ ಎತ್ತಿದಳು. ಮತ್ತೆ. ಡೋಲು ಬಿಡುತ್ತಿರಲಿಲ್ಲ, ಪದ ನಿಲ್ಲುವಂತಿರಲಿಲ್ಲ. ನಾಲ್ಕನೆಯ ಸಲಕ್ಕೆ ಅವಳ ದನಿ ಒಡೆಯಿತು.

"ಏನ್ರಮ್ಮಿ, ಪದ ನಿಂತೋಯ್ತಲ್ಲ! ಎತ್ರಮ್ಮಿ!" ಎಂದು ಹೆಣ್ಣಿನ ಕಡೆಯ ಮುದುಕಿಯೊಬ್ಬಳು ಕೂಗಿದಳು.

ತಂಗಿ ನೀರಿನ ಚೊಂಬು ತಂದು ನನ್ನ ಕೈಗಿಟ್ಟಳು. "ಗಂಟ್ಲು ಕಟ್ಕತಾ ಅಕ್ಕ? ತಕ, ಕುಡಿ." ಆಮೇಲೆ ಎಲ್ಲರಿಗೂ ಕೇಳುವಂತೆ, "ನಮ್ಮಕ್ಕ ಎತ್ತತಾಳೆ, ನಾನು ಇಡೀತೀನಿ" ಎಂದಳು.

ಚೊಂಬನ್ನು ಪಕ್ಕಕ್ಕಿಟ್ಟು ಪದ ಎತ್ತಿದೆ. ಒಡೆದ ದನಿಯಲ್ಲೇ ಅವಳು ನನ್ನ ಪ್ರತಿ ಸಾಲನ್ನೂ ನೆಲಕ್ಕೆ ಬೀಳದ ಹಾಗೆ ಹಿಡಿದಳು. ನನ್ನ ಸಣ್ಣ ದನಿ ಅಷ್ಟು ಚೆನ್ನಾಗಿ ಕೇಳಿಸಿದ್ದು ಅದೊಂದೇ ದಿನ. ಮೊದಲ ವೀಳ್ಯ ನನ್ನ ಕೈಗೆ ಬಂತು.

ಊಟದ ಮೇಲೆ ಯಜಮಾನರು ತಂಗಿಯನ್ನು ಕರೆದರು. "ದನಿ ಒಳ್ಳೇದು ಕಣವ್ವ. ಉಸ್ರು ಸಾಲ್ದು. ನಾಕ್ ಸಲಕ್ಕೇ ಒಡ್ದೋದ್ರೆ ಡೋಲಿನ ಮುಂದೆ ಎಂಗ್ ನಿಂತದು?"

ಅವಳು ಹೌದೆಂಬಂತೆ ತಲೆಯಾಡಿಸಿದಳು. ತಪ್ಪು ನನ್ನದೆಂದು ಹೇಳಲು ನನಗೆ ಒಂದೇ ಮಾತು ಸಾಕಿತ್ತು. ನಾನು ವೀಳ್ಯವನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದೆ.

ಮುಂದೆ ಅವಳನ್ನು ಬಂಡೀಪುರದ ಹತ್ತಿರದ ಊರಿಗೆ ಕೊಟ್ಟರು. ಅವಳು ಮತ್ತೆ ಎಲ್ಲಿಯೂ ಪದ ಎತ್ತಲಿಲ್ಲ. ಕರೆದಲ್ಲಿ ಹೋಗಿ ಹಿಂದೆ ಕೂತು ಸೊಲ್ಲು ಹಿಡಿಯುತ್ತಿದ್ದಳು.

ಹೋದ ಚಳಿಗಾಲದಲ್ಲಿ ಅವಳ ಮನೆಗೆ ಹೋಗಿದ್ದೆ. ಇಬ್ಬರೂ ಅವರೆಕಾಳು ಹಿದುಕುತ್ತ ಕೂತಿದ್ದೆವು. ಇನ್ನು ತಡೆಯಲಾಗದೆ ಹೇಳಿದೆ: "ಆ ಗುಂಡ್ಲುಪೇಟೆ ಮದ್ವೇಲಿ ನಂಗೇನೂ ಆಗಿರ್ನಿಲ್ಲ ಕಣಮ್ಮಿ. ಬೇಕಂತ್ಲೇ ಸುಮ್ಕಿದ್ದೆ."

ಅವಳ ಬೆರಳು ನಿಲ್ಲಲಿಲ್ಲ. "ಗಂಟ್ಲು ಕಟ್ಟಿದ್ರೆ ನೀರ ಕುಡೀತಿದ್ದೆ ಕಣಕ್ಕ. ನೀ ಚೊಂಬ ಮುಟ್ಟಿ ಅಂಗೇ ಮಡಗ್ದೆ."

ಅಂದರೆ ಹಸೆಯ ಪದ ಹಿಡಿಯುವಾಗಲೇ ಅವಳಿಗೆ ಗೊತ್ತಿತ್ತು. "ಒಂದ್ ಪದ ಎತ್ತಮ್ಮಿ. ಇವತ್ತು ನಾ ಇಡೀತೀನಿ" ಎಂದೆ.

ಹಿದುಕಿದ ಬೇಳೆಯನ್ನು ಅವಳು ನನ್ನ ತಟ್ಟೆಗೆ ಸುರಿದಳು.

"ಬ್ಯಾಡ ಬುಡು. ನೀನೇ ಎತ್ತು" ಎಂದಳು. ನಾನು ಎತ್ತಲಿಲ್ಲ.