ಕೇಳಲು ಕಲಿಸಿದ ಕಾಕಾ

ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ ಬಣ್ಣದ್ದು. ದಿನವಿಡೀ ಪುಸ್ತಕಗಳಿಗೆ ತಾರೀಖಿನ ಮೊಹರು ಒತ್ತುವ ಕೈ; ಯಾವ ಸಾಬೂನಿಗೂ ಬಗ್ಗದ ಶಾಯಿ. ಚಹಾದ ಬಿಳಿ ಕಪ್ಪಿನ ಮೇಲೆ, ಬಾಗಿಲ ಚಿಲಕದ ಮೇಲೆ, ಒಮ್ಮೊಮ್ಮೆ ಅವರ ಮೂಗಿನ ತುದಿಯ ಮೇಲೂ ಆ ಬೆರಳಿನ ಗುರುತು ಇರುತ್ತಿತ್ತು. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಅವರು ಶಿಪಾಯಿ, ಅಂದರೆ ಜವಾನ. ವಿಜಯಪುರದ ಕಡೆಯವರು. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ದಹಿಸರಿನಿಂದ ಲೋಕಲ್ ರೈಲಿನಲ್ಲಿ ನುಗ್ಗಿ ಬರುತ್ತಿದ್ದ ನನಗೆ ಕಾಲೇಜಿನಲ್ಲಿ ಮೊದಲ ಮೂರು ತಿಂಗಳು ಒಬ್ಬ ಗೆಳತಿಯೂ ಸಿಗಲಿಲ್ಲ. ಅದಕ್ಕೆ ನನ್ನ ಬಿಗುಮಾನವೇ ಅರ್ಧ ಕಾರಣ. ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಲು ನಾಚಿಕೆಪಟ್ಟು, ಲೈಬ್ರರಿಯ ಕಟ್ಟಕಡೆಯ ಕಪಾಟಿನ ಹಿಂದೆ ಕೂತು ಕದ್ದು ತಿನ್ನುತ್ತಿದ್ದೆ. ಒಂದು ದಿನ ಕಾಕಾ ಬಂದು ಎದುರಿಗೇ ನಿಂತರು. ಬೈಗುಳ ಗ್ಯಾರಂಟಿ ಎಂದುಕೊಂಡೆ.

“ಶೇಂಗಾ ಹಿಂಡಿ ವಾಸನಿ ಬಾಗಲತನಾ ಬಂದೈತಿ ತಂಗಿ. ಯಾವೂರವರು ನೀವು?”

“ಧಾರವಾಡ... ಮತ್ಲಬ್, ನಮ್ಮಪ್ಪಂದು,” ಎಂದೆ ತೊದಲುತ್ತ.

“ಇಲ್ಲಿ ತಿನಬ್ಯಾಡ, ಇರಿವಿ ಆಗ್ತಾವು. ಆ ಖೋಲಿಗೆ ಬಾ. ಅಲ್ಲಿ ಒಬ್ಬಾಕಿ ಓದಿ ಹೇಳಾವ್ರಿಲ್ಲದ ಕುಂತಾಳ.”

ಲೈಬ್ರರಿಯ ಮೂಲೆಯ ಆ ಖೋಲಿಯಲ್ಲಿ ಕಣ್ಣು ಕಾಣದ ಹತ್ತು ಹನ್ನೆರಡು ವಿದ್ಯಾರ್ಥಿಗಳು ಸೇರುತ್ತಿದ್ದರು. ಉಳಿದ ವಿದ್ಯಾರ್ಥಿಗಳು ಬಿಡುವಿನಲ್ಲಿ ಬಂದು ಅವರಿಗೆ ಪಠ್ಯ ಓದಿ ಹೇಳುತ್ತಿದ್ದರು. ಯಾವ ಪ್ರಾಧ್ಯಾಪಕರೂ ಶುರುಮಾಡಿದ್ದಲ್ಲ. ಒಂಟಿಯಾಗಿ ಅಲೆಯುವವರನ್ನು ಗುರುತಿಸಿ, ಒಬ್ಬೊಬ್ಬರನ್ನಾಗಿ ಕರೆತಂದು ಕೂರಿಸಿ ಕಾಕಾ ಕಟ್ಟಿದ ಗುಂಪು ಅದು. ಓದಿಸಿಕೊಳ್ಳುವವರಷ್ಟೇ ಓದುವವರಿಗೂ ಆ ಖೋಲಿ ಬೇಕಾಗಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅಲ್ಲಿ ಅವರದೊಂದು ಪದ್ಧತಿ ಇತ್ತು. ಹೊಸಬರು ಮೊದಲ ದಿನ ಓದುವಂತಿಲ್ಲ. ಒಂದು ತಾಸು ಕಣ್ಣು ಮುಚ್ಚಿ ಕೂರಬೇಕು. ಕಣ್ಣು ಕಾಣದವರೊಬ್ಬರು ಬ್ರೈಲ್ ಪುಸ್ತಕದ ಮೇಲೆ ಬೆರಳಾಡಿಸುತ್ತ ಓದುತ್ತಾರೆ, ಹೊಸಬರು ಕೇಳಬೇಕು. ನನಗೆ ಓದಿದವಳು ಚೆಂಬೂರಿನ ಒಬ್ಬ ಹುಡುಗಿ. ಹತ್ತು ನಿಮಿಷಕ್ಕೇ ನನ್ನ ಮನಸ್ಸು ಎಲ್ಲೆಲ್ಲೋ ಹೋಯಿತು, ಮೆಲ್ಲಗೆ ಕಣ್ಣು ಬಿಟ್ಟು ಗಡಿಯಾರ ನೋಡಿದೆ. ಕಾಕಾ ಗದರಿದರು.

“ಮುಚ್ಚ ಕಣ್ಣು! ಕೇಳಾಕ ಎಷ್ಟ ತ್ರಾಸ ಐತಿ ಅಂತ ಗೊತ್ತಾದ್ರ, ಓದುವಾಗ ಗಡಿಬಿಡಿ ಮಾಡೂದಿಲ್ಲ ನೀ.”

ಮಾರನೆಯ ದಿನ ಅದೇ ಹುಡುಗಿಗೆ ಇತಿಹಾಸ ಓದಿ ಹೇಳುವಾಗ ನನ್ನ ನಾಲಿಗೆ ತಾನಾಗಿ ನಿಧಾನವಾಯಿತು. ಅವಳು ಜೀವದ ಗೆಳತಿಯಾದಳು. ಡಬ್ಬಿ ಎಲ್ಲರ ನಡುವೆ ಬಿಚ್ಚಿಕೊಂಡಿತು. ಕಾಕಾ ಜೊತೆ ಹರಟಿ ಹರಟಿ ನನ್ನ ಮುರುಕು ಕನ್ನಡ ನೆಟ್ಟಗಾಯಿತು. ನಾಲ್ಕು ಜನರ ಮುಂದೆ ಬಾಯಿಬಿಡಲು ಹೆದರುತ್ತಿದ್ದವಳು ಮೂರನೇ ವರ್ಷಕ್ಕೆ ಗುಂಪಿನ ಮುಂದಾಳಾಗಿದ್ದೆ. ನಾವು ಓದುವಾಗ ಕಾಕಾ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವರು, ಇಂಗ್ಲಿಷ್ ಏನು ತಿಳಿದೀತು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡಿದ್ದೆ.

ಆ ವರ್ಷ ಕಾಲೇಜಿನ ತಪಾಸಣೆಗೆ ಹೊರಗಿನಿಂದ ಸಮಿತಿಯೊಂದು ಬಂತು. ನಮ್ಮ ಖೋಲಿಯ ಬಗ್ಗೆ ಮಾತಾಡಲು ಪ್ರಿನ್ಸಿಪಾಲರು ನನ್ನನ್ನು ನಿಲ್ಲಿಸಿದರು. ಕಣ್ಣು ಮುಚ್ಚಿ ಕೂರಿಸುವ ಪದ್ಧತಿ ಕೇಳಿ ಸಮಿತಿಯ ಮೇಡಂ ಒಬ್ಬರು ಬೆರಗಾದರು. ಇದು ಯಾರಿಗೆ ಹೊಳೆದದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಕಾಕಾ ಚಹಾದ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಒಂದು ಸಲ ಕೈ ತೋರಿಸಿದ್ದರೆ ಮುಗಿಯುತ್ತಿತ್ತು.

“ನನಗೇ, ಮೇಡಂ. ಹೊಸಬರನ್ನು ಅರ್ಧ ತಾಸು ಹಾಗೆ ಕೂರಿಸುತ್ತೇನೆ,” ಎಂದೆ. ನಿರರ್ಗಳವಾದ ಇಂಗ್ಲಿಷಿನಲ್ಲಿ. ಮೊದಲೇ ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಶಿಪಾಯಿಯೊಬ್ಬರು ಕಲಿಸಿದ್ದು ಎನ್ನಲು ಆ ಸೂಟುಬೂಟಿನವರ ಮುಂದೆ ನನಗೆ ಸಣ್ಣತನ ಅನ್ನಿಸಿತು, ಅಷ್ಟೆ. ಚಪ್ಪಾಳೆ ಬಿತ್ತು. ಕಾಕಾ ಒಬ್ಬೊಬ್ಬರ ಮುಂದೆ ಕಪ್ಪಿಟ್ಟು ಹೊರಗೆ ಹೋದರು.

ಸಂಜೆ ಮೊಹರಿನ ಮೇಜಿನ ಹತ್ತಿರ ಕರೆದರು.

“ಛಲೋ ಮಾತಾಡಿದಿ ತಂಗಿ. ಆದ್ರ ಒಂದ ತಪ್ಪ ಹೇಳಿದಿ. ಅರ್ಧಾ ತಾಸಲ್ಲ, ಒಂದ ತಾಸು. ಅರ್ಧಾ ತಾಸಿಗೆ ಮಂದಿಗೆ ಏನೂ ತಿಳ್ಯೂದಿಲ್ಲ.”

ಇಷ್ಟು ವರ್ಷ ಆ ಸ್ಟೂಲಿನಲ್ಲಿ ಕೂತು ಅವರು ನಮ್ಮ ಇತಿಹಾಸ, ಅರ್ಥಶಾಸ್ತ್ರ, ಇಂಗ್ಲಿಷ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ ಸುಳ್ಳನ್ನೂ ಅಕ್ಷರಶಃ ಕೇಳಿಸಿಕೊಂಡಿದ್ದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಬಂದದ್ದು, “ಠೀಕ್ ಹೈ ಕಾಕಾ, ಮೇರಿ ಟ್ರೇನ್ ಛೂಟ್ ಜಾಯೇಗಿ.” ಅವರ ಜೊತೆ ಅಷ್ಟು ದಿನ ಬಿಟ್ಟಿದ್ದ ಹಿಂದಿ ಅವತ್ತು ಟ್ರೇನ್ ತಪ್ಪುವ ನೆಪ ಹೇಳಿ ಓಡಿಹೋಗಲು ಒದಗಿತು.

ಸಮಿತಿ ಹೊಗಳಿದ ಮೇಲೆ ಖೋಲಿಗೆ ಹೊಸ ಬಣ್ಣ, ಬೋರ್ಡು ಬಂದವು. ವಿದ್ಯಾರ್ಥಿಗಳೇ ನಡೆಸುತ್ತಾರಲ್ಲ, ಶಿಪಾಯಿ ಇಲ್ಲಿ ಯಾಕೆ ಎಂದು ಆಫೀಸಿನವರು ಕಾಕಾರನ್ನು ಹಿಂದಿನ ಬಿಲ್ಡಿಂಗಿನ ಹಳೆ ಉತ್ತರಪತ್ರಿಕೆಗಳ ಗೋದಾಮಿಗೆ ಹಾಕಿದರು. ಅಲ್ಲಿ ಕೇಳಲು ಒಂದು ನರಪಿಳ್ಳೆಯ ದನಿಯೂ ಇರಲಿಲ್ಲ. ಪ್ರಿನ್ಸಿಪಾಲರಿಗೆ ನಿಜ ಹೇಳಿದ್ದರೆ ಅವರನ್ನು ಅಲ್ಲೇ ಉಳಿಸುತ್ತಿದ್ದರು. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಮುಗಿಯಿತು, ಕಾಲೇಜೂ ಮುಗಿಯಿತು. ಅವರು ನಿವೃತ್ತರಾಗುವವರೆಗೂ ಅಲ್ಲೇ ಇದ್ದರಂತೆ.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿಯನ್ನು ಚೆಂಬೂರಿನ ಗೆಳತಿ ಫೋನಿನಲ್ಲಿ ತಿಳಿಸಿದಳು. ಹದಿನೈದು ದಿನ ಬಿಟ್ಟು ಗ್ರಾಂಟ್ ರೋಡಿನ ಅವರ ಚಾಳ್‌ನ ಮನೆಗೆ ಹೋದೆ. ಇವತ್ತಾದರೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಯಾವ ಕಾಲೇಜಿನವಳು ಎಂದು ಹೇಳುತ್ತಲೇ ಅವರ ಹೆಂಡತಿ, ಕಾಕು, ನನ್ನ ಕೈ ಹಿಡಿದುಕೊಂಡರು.

“ದೊಡ್ಡ ಸಾಹೇಬ್ರ ಮುಂದ ಇಂಗ್ಲಿಷಿನ್ಯಾಗ ಮಾತಾಡಿದಾಕಿ ನೀನ ಏನವಾ? ಬಂದ ಬೀಗರಿಗೆಲ್ಲಾ ಹೇಳಾವ್ರು ನಮ್ಮವರು. ನಾ ಹಾಕಿದ ಪದ್ಧತಿ ದೊಡ್ಡ ಮಂದೀಗೆ ಮುಟ್ಟಿಸಿದ ಹುಡುಗಿ ಅಂತಿದ್ರು. ಅವರ ಹೆಸರ ಹೇಳಿದ್ದಿ ಅಲ್ಲ, ಆವತ್ತ?”



“ಹೂಂ ಕಾಕು, ಹೇಳಿದ್ದೆ,” ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗಿದ್ದ ಮೊಮ್ಮಗಳನ್ನು ಕರೆದು, ಈ ಅಕ್ಕನ ಕಾಲಿಗೆ ಬೀಳು ಎಂದರು. ಆ ಹುಡುಗಿ ಬಂದು ಬಗ್ಗಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.