ಕೆಮ್ಮಣ್ಣಿನಲ್ಲಿ ದೊಡ್ಡ ಕಾಯಿಲ್

ಮೆಟಲ್ ಡಿಟೆಕ್ಟರ್ ಕೊಳ್ಳಬೇಕೆಂದು ತೀರ್ಮಾನಿಸಿದವಳು ನಾನು. ಯಾವುದನ್ನು ಕೊಳ್ಳಬೇಕೆಂಬ ಉಪದೇಶವೆಲ್ಲ ಸಿಕ್ಕಿದ್ದು ನನ್ನ ಗಂಡನಿಗೆ. ಅವರಿಗೋ ಅದರ ಯಾವ ತುದಿ ಕೈಯಲ್ಲಿರಬೇಕು, ಯಾವುದು ನೆಲದತ್ತ ಇರಬೇಕು ಎಂಬುದೂ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ.

ನಮ್ಮ ಮನೆ ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ. ನಾನು ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರು. ಒಂದು ಚಳಿಗಾಲದ ರಜೆಯಲ್ಲಿ ಪೂರ್ವದ ಚಿನ್ನದ ಸೀಮೆಗೆ ಹೋಗಿದ್ದಾಗ ಬಾಡಿಗೆಗೆ ಡಿಟೆಕ್ಟರ್ ತೆಗೆದುಕೊಂಡು ಅಡ್ಡಾಡಿದ್ದೆ. ಸಿಕ್ಕಿದ್ದು ತುಕ್ಕು ಹಿಡಿದ ಮೊಳೆಗಳು, ಒಂದು ಸೀಸದ ಗುಂಡು. ಆದರೂ ಹುಚ್ಚು ಹಿಡಿಯಿತು. ವಾರವಿಡೀ ಬೇರೆಯವರ ಕೆಮ್ಮು ಕೇಳುವವಳಿಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೆಲದ ಸದ್ದು ಕೇಳುವುದು ಹಿತವೆನಿಸಿತು.

ಆ ನೆಲ ಸುಲಭದ್ದಲ್ಲ. ಕೆಮ್ಮಣ್ಣಿನ ತುಂಬ ಕಬ್ಬಿಣದ ಅಂಶ. ಅಲ್ಲಲ್ಲಿ ಬಿದ್ದಿರುವ ಕಪ್ಪು ಕಲ್ಲುಗಳು ತಾವೇ ಚಿನ್ನವೆಂಬಂತೆ ಯಂತ್ರವನ್ನು ಕೂಗಿಸುತ್ತವೆ. ಒಣಗಿದ ಉಪ್ಪಿನ ಕೆರೆಗಳ ಅಂಚಿನಲ್ಲಿ ತೇವವೂ ಮೋಸ ಮಾಡುತ್ತದೆ. ಹಾಗಾಗಿ ಯಂತ್ರದಷ್ಟೇ ಮುಖ್ಯ ಅದರ ತುದಿಗೆ ಸಿಕ್ಕಿಸುವ ಕಾಯಿಲ್, ಅಂದರೆ ನೆಲದ ಮೇಲೆ ಆಡಿಸುವ ತಟ್ಟೆ. ತಟ್ಟೆ ದೊಡ್ಡದಾದಷ್ಟೂ ಆಳಕ್ಕೆ ನೋಡುತ್ತದೆ, ನಿಜ. ಆದರೆ ಅಷ್ಟೂ ಕೆಟ್ಟ ಮಣ್ಣನ್ನು ಒಟ್ಟಿಗೇ ನೋಡಿ ಗಲಾಟೆ ಎಬ್ಬಿಸುತ್ತದೆ, ಸಣ್ಣ ಚೂರುಗಳನ್ನು ಬಿಟ್ಟುಬಿಡುತ್ತದೆ. ಇದನ್ನು ಓದಿ ತಿಳಿದಿದ್ದೆ, ಬಾಡಿಗೆ ಯಂತ್ರಕ್ಕೆ ಎರಡು ಬಗೆಯ ಕಾಯಿಲ್ ಹಾಕಿ ನೋಡಿಯೂ ತಿಳಿದಿದ್ದೆ.

ನನ್ನ ಗಂಡನ ಅಣ್ಣ ಅಡಿಲೇಡ್‌ನಲ್ಲಿ ಮೂಳೆ ಡಾಕ್ಟರು. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಸುದ್ದಿ ಕೇಳಿದ್ದೇ ತಡ, ತಮ್ಮನಿಗೆ ಪಾಠ ಶುರುಮಾಡಿದರು.

"ಲೋ, ಇರೋದ್ರಲ್ಲೇ ದೊಡ್ಡ ಕಾಯಿಲ್ ತಗೊಂಡ್ಬಿಡು. ಚಿಕ್ಕದೆಲ್ಲ ಮಕ್ಕಳಾಟ."

ನಾನು ಬಗ್ಗಿ ಫೋನಿನೊಳಗೆ ಮುಖ ತೂರಿಸಿದೆ. "ಭಾವ, ಆ ಮಣ್ಣಲ್ಲಿ ದೊಡ್ಡದು ಬರೀ ಕಿರುಚುತ್ತೆ."

"ಇರಮ್ಮ, ನಾವು ಕೋಲಾರದ ಕಡೆಯವರು. ಚಿನ್ನದ ಮಣ್ಣಿನ ವಿಷಯ ನಮಗೇ ಹೇಳ್ಕೊಡ್ತೀಯಾ?"

ಕೋಲಾರದ ಕಡೆಯವರೆಂಬುದು ಸುಳ್ಳಲ್ಲ. ನಮ್ಮ ಮಾವನವರು ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಆ ಮನೆತನದ ಒಬ್ಬರೂ ಗಣಿಗೆ ಕಾಲಿಟ್ಟವರಲ್ಲ.

ಅಂಗಡಿಯಲ್ಲೂ ಅದೇ ಕಥೆ. ಪ್ರಶ್ನೆ ನನ್ನದು, ಉತ್ತರ ನನ್ನ ಗಂಡನಿಗೆ. ಉಪ್ಪಿನ ಕೆರೆಯ ಪಕ್ಕ ಯಾವ ಕಾಯಿಲ್ ಸುಮ್ಮನಿರುತ್ತದೆ ಎಂದು ನಾನು ಕೇಳಿದರೆ, ಮಾರುವವನು ಇವರ ಕಡೆ ತಿರುಗಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ವಿವರಿಸಿದ. ಇವರು ಪಾಪ ತಲೆಯಾಡಿಸಿದರು. ಕೊನೆಗೆ ನಾನೇ ಕೌಂಟರಿನ ಮೇಲೆ ಬೆರಳಿಟ್ಟು ತೋರಿಸಿದೆ: ಕಬ್ಬಿಣದ ನೆಲಕ್ಕೆಂದೇ ಮಾಡಿದ ಯಂತ್ರ, ಸಣ್ಣದೊಂದು ಕಾಯಿಲ್, ಗಲಾಟೆಯ ನೆಲಕ್ಕೆ ಒಗ್ಗುವ ಮಧ್ಯಮ ಗಾತ್ರದ್ದು ಇನ್ನೊಂದು. "ಗುಡ್ ಚಾಯ್ಸ್, ಮೇಟ್" ಎಂದು ಅವನು ನನ್ನ ಗಂಡನ ಕೈ ಕುಲುಕಿದ.

ಮುಂದಿನ ಚಳಿಗಾಲಕ್ಕೆ ಭಾವ ವಿಮಾನ ಹತ್ತಿ ಬಂದರು. ಜೊತೆಗೆ ತಾವೂ ಒಂದು ಯಂತ್ರ ತಂದಿದ್ದರು. ಅದರ ಕಾಯಿಲ್ ಮದುವೆ ಮನೆಯ ಹರಿವಾಣದಷ್ಟು ಅಗಲ. ಬ್ರಿಸ್ಬೇನ್‌ನಿಂದ ನನ್ನ ಗಂಡನ ಕಾಲೇಜು ಗೆಳೆಯನೂ ಬಂದ. ಇಂಡೂರೂಪಿಲ್ಲಿಯ ಹತ್ತಿರದ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಆಸಾಮಿ. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ತನ್ನ ಮನೆಯ ಸುತ್ತ ಹುಲ್ಲಿನಲ್ಲಿ ಚಿಲ್ಲರೆ ನಾಣ್ಯ ಹುಡುಕಿ ಹುಡುಕಿ ತಾನೊಬ್ಬ ನಿಪುಣನೆಂದು ನಂಬಿದ್ದ. ಅವನ ಯಂತ್ರ ಪಾರ್ಕಿಗೆ ಸರಿ. ಹಾಗೆಂದು ಹೇಳಿದೆ. "ಅತ್ತಿಗೆ, ನೆಲ ಅಂದ್ರೆ ನೆಲ ಅಷ್ಟೇ ಅಲ್ವಾ?" ಎಂದು ನಕ್ಕ. ಪಾಠ ಕಲಿಸುವವರ ಇಂಥ ಮಾತಿಗೆ ಏನು ಹೇಳುವುದು?

ಎಲ್ಲರೂ ಚಿನ್ನದ ಸೀಮೆಗೆ ಹೋಗಿ ತಂಗಿ, ಬೆಳಗಿನ ಕಾಫಿ ಮುಗಿಸಿ ಕೆಮ್ಮಣ್ಣಿಗೆ ಇಳಿದೆವು. ಭಾವ ನನ್ನ ಕೈಗೆ ಗುದ್ದಲಿ ಕೊಡಲು ಬಂದರು.

"ನೀನು ನನ್ನ ಹಿಂದೇನೇ ಬಾಮ್ಮ. ನಾನು ತೋರಿಸಿದ ಕಡೆ ಅಗಿ, ಸಾಕು."

"ನನ್ನ ಹತ್ರ ನಂದೇ ಇದೆ ಭಾವ" ಎಂದು ಪಕ್ಕದ ಒಣ ಹಳ್ಳದ ಕಡೆ ನಡೆದೆ.

ಅವರು ಸ್ವಿಚ್ ಒತ್ತಿದರು. ಆ ಹರಿವಾಣ ಕಂಕುಳಲ್ಲಿ ಇರುಕಿದ ಕೋಳಿಯಂತೆ ಅರಚತೊಡಗಿತು. ಕಾಯಿಲನ್ನು ಮೇಲೆ ಕೆಳಗೆ ಆಡಿಸುತ್ತ ಯಂತ್ರವನ್ನು ನೆಲಕ್ಕೆ ಹೊಂದಿಸಿಕೊಳ್ಳಿ ಎಂದು ದೂರದಿಂದಲೇ ಕೂಗಿದೆ. ಕೇಳಿಸಿಕೊಳ್ಳಲಿಲ್ಲ. ಅರಚಿದಲ್ಲೆಲ್ಲ ಅಗೆದರು. ಪ್ರತಿ ಗುಂಡಿಯಲ್ಲೂ ಒಂದು ಕಪ್ಪು ಕಲ್ಲು. ತೋಳು ಸೋತು, ಬೆನ್ನು ಹಿಡಿದು, ಮೂಳೆ ಡಾಕ್ಟರು ಒಂದು ಮರದ ನೆರಳಿಗೆ ಸೇರಿಕೊಂಡರು.

ಬ್ರಿಸ್ಬೇನಿನವನದು ಬೇರೆ ಜಾಣತನ. ಅವನ ಯಂತ್ರವೂ ಮೊದಲು ಗದ್ದಲ ಮಾಡಿತು. ಅವನು ಒಂದೊಂದೇ ನಾಬ್ ತಿರುಗಿಸಿ, ಯಂತ್ರದ ಸೂಕ್ಷ್ಮತೆ ತಗ್ಗಿಸುತ್ತ ಸದ್ದು ಪೂರ್ತಿ ಅಡಗಿಸಿದ. "ನೋಡಿ ಅತ್ತಿಗೆ, ಎಷ್ಟು ಕ್ವಯಟ್ ಆಗೋಯ್ತು!" ಕಿವುಡನ ಮನೆಯೂ ಶಾಂತವಾಗಿಯೇ ಇರುತ್ತದೆ. ಮಧ್ಯಾಹ್ನದವರೆಗೂ ಆ ಕಿವುಡು ಯಂತ್ರವನ್ನು ವಾಕಿಂಗಿಗೆ ಕರೆದೊಯ್ದ.

ನಾನು ಹಳ್ಳದ ಬುಡದಲ್ಲಿ ಸಣ್ಣ ಕಾಯಿಲನ್ನು ನೆಲಕ್ಕೆ ತಾಗಿಸಿದಂತೆ ನಿಧಾನವಾಗಿ ಆಡಿಸುತ್ತಿದ್ದೆ. ಮೊದಲು ಮೊಳೆ, ಆಮೇಲೆ ಇನ್ನೊಂದು ಮೊಳೆ, ಡಬ್ಬಿಯ ತಗಡು. ಊಟದ ಹೊತ್ತಿಗೆ, ಉಸಿರು ಹಿಡಿದರೆ ಮಾತ್ರ ಕೇಳಿಸುವಂಥ ಒಂದು ಸಣ್ಣ ಏರಿಳಿತ. ನಾನು ಅಗೆಯುವುದನ್ನು ನೋಡಿ ಭಾವ ನೆರಳಿನಿಂದಲೇ ಅಂದರು, "ಮೊಳೆ ಇರುತ್ತೆ, ಬಿಡಮ್ಮ." ಮಣ್ಣನ್ನು ಹಿಡಿ ಹಿಡಿಯಾಗಿ ಕಾಯಿಲ್ ಮೇಲೆ ಆಡಿಸಿ, ಸದ್ದು ಬಾರದ ಅರ್ಧವನ್ನು ಚೆಲ್ಲುತ್ತ ಬಂದೆ. ಕೊನೆಗೆ ಅಂಗೈಯಲ್ಲಿ ಹೆಸರುಕಾಳಿನಷ್ಟು ಚಿನ್ನ ಉಳಿಯಿತು. ಒಬ್ಬಳೇ ನಕ್ಕುಬಿಟ್ಟೆ. ಕಣ್ಣಲ್ಲಿ ನೀರೂ ಬಂತು. ಅದನ್ನು ಯಾರಿಗೂ ತೋರಿಸಲಿಲ್ಲ.

ಚಿನ್ನವನ್ನು ಮಾತ್ರ ತೋರಿಸಿದೆ. ಭಾವ ಅದನ್ನು ತಮ್ಮ ಅಂಗೈಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ತಮ್ಮ ಯಂತ್ರ ಹಿಡಿದು ಫೋಟೋ ತೆಗೆಸಿಕೊಂಡರು. ನಾವು ವಾಪಸ್ ಪರ್ತ್ ಸೇರುವ ಮೊದಲೇ ಅದು ನೆಂಟರ ಗ್ರೂಪಿನಲ್ಲೆಲ್ಲ ಓಡಾಡಿತ್ತು. "ಕೋಲಾರದ ರಕ್ತ ಸುಮ್ನೆ ಇರುತ್ತಾ" ಎಂದು ಮೈಸೂರಿನ ಚಿಕ್ಕಮ್ಮ ಬರೆದಿದ್ದರು.

ಕೆಲವು ತಿಂಗಳ ಮೇಲೆ ಅಡಿಲೇಡ್‌ಗೆ ಹೋದಾಗ ಅಲ್ಲಿಯ ಕನ್ನಡದವರ ಒಂದು ಸಂಜೆ ಕಾರ್ಯಕ್ರಮವಿತ್ತು. ಬಿಸಿಬೇಳೆ ಬಾತ್‌ಗೆ ಮುಂಚೆ ಭಾವನ ಭಾಷಣ: ಕಷ್ಟದ ನೆಲಕ್ಕೆ ಡಿಟೆಕ್ಟರ್ ಆರಿಸುವುದು ಹೇಗೆ. ಪರದೆಯ ಮೇಲೆ ಅದೇ ಫೋಟೋ. "ಸೈಜ್ ಮ್ಯಾಟರ್ಸ್. ದೊಡ್ಡ ಕಾಯಿಲ್ ಇಲ್ಲದೆ ಹೋಗ್ಲೇಬೇಡಿ" ಎಂದರು. ಅಲ್ಲಿದ್ದ ಅವರ ಡಾಕ್ಟರ್ ಸ್ನೇಹಿತರೆಲ್ಲ ತಲೆದೂಗಿದರು.

ನಾನು ಎದ್ದು ನಿಂತೆ. "ಭಾವ, ಆ ದೊಡ್ಡ ಕಾಯಿಲ್‌ನಿಂದ ನಿಮಗೆ ಏನು ಸಿಕ್ತು?"

ಅವರು ಒಂದು ಕ್ಷಣವೂ ತಡವರಿಸಲಿಲ್ಲ. "ಅನುಭವ ಸಿಕ್ತಮ್ಮ, ಅನುಭವ!"

ಇಡೀ ಹಾಲ್ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ಆಂಟಿಯೊಬ್ಬರು ನನ್ನ ಸೆರಗು ಎಳೆದು, "ಕೂತ್ಕೊಳ್ಳಮ್ಮ, ದೊಡ್ಡವರು ಮಾತಾಡ್ತಿದಾರೆ" ಎಂದರು. ನನ್ನ ಗಂಡ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕಾರಿನಲ್ಲಿ, "ನಾನಾದ್ರೂ ಎದ್ದು ಹೇಳಬೇಕಿತ್ತು ಕಣೇ" ಎಂದರು. ಹೌದು, ಹೇಳಬೇಕಿತ್ತು ಎಂದೆ.

ಈ ಚಳಿಗಾಲ ನಾವಿಬ್ಬರೇ ಹೋದೆವು, ಯಾರಿಗೂ ಸುದ್ದಿ ಕೊಡದೆ. ಅವರು ಕುರ್ಚಿ ಹಾಕಿಕೊಂಡು ಉಪ್ಪಿಟ್ಟು ಕೆದಕುತ್ತ ಕೂತರು. ನಾನು ಉಪ್ಪಿನ ಕೆರೆಯ ಅಂಚಿಗೆ ಮಧ್ಯಮ ಕಾಯಿಲ್ ಹಾಕಿಕೊಂಡು ಇಳಿದೆ. ಆಮೇಲೆ ಹೇಗೋ ಸುದ್ದಿ ತಿಳಿದು, ಏನಾದರೂ ಸಿಕ್ಕಿತೇ ಎಂದು ಅಡಿಲೇಡ್‌ನಿಂದ ಭಾವ ಇನ್ನೂ ಕೇಳುತ್ತಲೇ ಇದ್ದಾರೆ. ಮೊಳೆ ಎಂದು ಹೇಳಿದ್ದೇನೆ.