ಜಗದಾಂಬಾ ಮೇಡಂ ಕೊಟ್ಟ ಪಾಸ್‌ವರ್ಡ್

ಕೆಂಗೇರಿ ಆಚೆಗಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಜಗದಾಂಬಾ ಮೇಡಂಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಆರ್‌ಪಿಸಿ ಲೇಔಟಿನ ಅವರ ಮನೆಯ ಬೀಗದ ಕೈ ಅಕ್ಕಪಕ್ಕದ ಮೂರು ಮನೆಗಳಲ್ಲಿತ್ತು. ಲ್ಯಾಬಿನಲ್ಲಿ ಅವರ ಪಾಸ್‌ವರ್ಡಿನ ಗತಿಯೂ ಅದೇ. ತನಗಿನ್ನೂ ಲಾಗಿನ್ ಬಂದಿಲ್ಲವೆಂದು ಯಾವ ಹುಡುಗಿಯಾದರೂ ಮುಖ ಸಣ್ಣದು ಮಾಡಿದರೆ ಸಾಕು, "ತಗೋಮ್ಮಾ, ನಂದ್ರಲ್ಲೇ ಹೋಗು" ಅನ್ನುತ್ತಿದ್ದರು. ನೆಟ್‌ವರ್ಕ್ ಕೋಣೆಯ ಉಸ್ತುವಾರಿ ನನ್ನದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಷ್ಟು ರೇಗಿದರೂ "ಬಿಡಿ ಗಿರಿರಾಜ್, ಮಕ್ಕಳು ಕಣ್ರೀ" ಎಂದು ನಕ್ಕು, ನನ್ನ ಕೈಗೆ ಚಕ್ಕುಲಿ ಇಟ್ಟು ಹೋಗುತ್ತಿದ್ದರು.

ಹೋದ ಡಿಸೆಂಬರ್‌ನ ಒಂದು ಸೋಮವಾರ, ಬೆಳಿಗ್ಗೆ ಏಳೂವರೆಗೆ, ಅವರ ಖಾತೆಯಿಂದ ಎಲ್ಲ ವಿದ್ಯಾರ್ಥಿಗಳಿಗೂ ಒಂದು ಮೇಲ್ ಹೋಯಿತು: ಇಂದಿನ ಪರೀಕ್ಷೆ ಮುಂದೂಡಲಾಗಿದೆ. ಸಿಬ್ಬಂದಿಯ ಖಾತೆ, ಯಾರು ತಾನೇ ಅನುಮಾನ ಪಡುತ್ತಾರೆ? ಅರವತ್ತಮೂರು ಮಕ್ಕಳು ಪರೀಕ್ಷೆಗೆ ಬರಲೇ ಇಲ್ಲ. ಹನ್ನೊಂದಕ್ಕೆಲ್ಲ ಪೋಷಕರು ಗೇಟಿನ ಮುಂದೆ ಕೂಗಾಡುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ವಿಚಾರಣೆ, ತಪ್ಪು ಯಾರದೋ ಅವರು ಹೊರಗೆ ಎಂದರು ಕುಲಸಚಿವರು.

ಮೇಡಂ ನನ್ನ ಕೋಣೆಗೆ ಬಂದಾಗ ಅವರ ತುಟಿ ಒಣಗಿತ್ತು. ನಿವೃತ್ತಿಗೆ ಇನ್ನು ಹದಿನಾಲ್ಕೇ ತಿಂಗಳು.

"ಯಾರಿಗೆ ಕೊಟ್ಟಿದ್ರಿ? ನಿಜ ಹೇಳಿ."

"ಹೋದ ತಿಂಗಳು ನೀವೇ ಪಾಸ್‌ವರ್ಡ್ ಬದಲಾಯಿಸಿದ್ರಲ್ಲ, ಅದಾದ್ಮೇಲೆ ಕೊಟ್ಟಿದ್ದು ಶಿಲ್ಪಾ ಒಬ್ಬಳಿಗೇ. ಲಿಂಗಸುಗೂರಿನ ಹುಡುಗಿ, ತಡವಾಗಿ ಸೇರಿದ್ಳಲ್ಲ, ಅವಳು."

"ಹಾಗಾದ್ರೆ ಅವಳ ಹೆಸರು ಹೇಳಿ, ಮುಗೀತು."

"ಹೇಳಿದ್ರೆ ಆ ಮಗು ಸೀಟ್ ಹೋಗುತ್ತಲ್ಲ."

"ಹೇಳದಿದ್ರೆ ನಿಮ್ ಕೆಲಸ ಹೋಗುತ್ತೆ ಮೇಡಂ!" ನಾನು ಕಿರುಚಿದೆ. ಅವರು ಮೂರು ಗಂಟೆಯವರೆಗೂ ಕೈಚೀಲದ ಪಟ್ಟಿ ತಿರುಚುತ್ತ ಅಲ್ಲೇ ಕೂತಿದ್ದರು.

ವಿಚಾರಣೆಯಲ್ಲಿ ಕುಲಸಚಿವರು ಅದೇ ಪ್ರಶ್ನೆ ಕೇಳಿದರು. ಮೇಡಂ ಬಾಯಿ ತೆರೆಯುವಷ್ಟರಲ್ಲಿ ಶಿಲ್ಪಾ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು.

"ನಂಗ ಕೊಟ್ಟಿದ್ರು ಸರ್. ನಾನು ನಮ್ಮ ಸೀನಿಯರ್ ಸಿದ್ಧಾರ್ಥಗ ಕೊಟ್ಟೆ. ನೋಟ್ಸ್ ತಗೋಬೇಕು ಅಂದಿದ್ದ. ಅಂವ ಓದಿರ್ಲಿಲ್ಲಂತ, ಪರೀಕ್ಷಾ ನಿಲ್ಲಿಸಾಕ ಹಿಂಗ ಮಾಡ್ಯಾನ. ಮೇಡಂ ನಂಗ ಏನೂ ಕೇಳ್ಲಾರದ ಕೊಟ್ಟಿದ್ರು, ನಾನೂ ಹಂಗ ಕೊಟ್ಟೆ ರೀ."

ಮೇಡಂ ಮುಖ ಬಿಳಿಚಿಕೊಂಡಿತು. ಆ ಕೊನೆಯ ಮಾತು ಅವರಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತ್ತು. ಎದ್ದು ನಿಂತರು.

"ಅವಳು ನನ್ನನ್ನ ನೋಡಿ ಕಲ್ತಿದ್ದು ಸಾರ್. ಅವಳನ್ನ ಬಿಟ್ಬಿಡಿ, ನನ್ನ ಹೆಸರು ಬರ್ಕೊಳ್ಳಿ."

ಕುಲಸಚಿವರು ಶಿಲ್ಪಾಳ ಕಡೆ ತಿರುಗಿದರು. "ಯಾಕಮ್ಮ, ನಿಂಗೆ ನಿಂದೇ ಲಾಗಿನ್ ಇರ್ಲಿಲ್ವಾ?"

"ಅರ್ಜಿ ಕೊಟ್ಟು ಹತ್ತೊಂಬತ್ತು ದಿನ ಆಗಿತ್ರಿ. ಬಂದಿರ್ಲಿಲ್ಲ."

ಆ ಅರ್ಜಿ ಬಿದ್ದಿದ್ದು ನನ್ನ ಮೇಜಿನ ಮೇಲೆ. ಮೇಡಂ ಆ ಹುಡುಗಿಯನ್ನು ಕರೆದುಕೊಂಡು ಎರಡು ಸಲ ನನ್ನ ಬಾಗಿಲಿಗೆ ಬಂದಿದ್ದರು. ಎರಡು ಸಲವೂ ನಾಳೆ ನೋಡೋಣ ಎಂದು ಕಳಿಸಿದ್ದೆ. ಈಗ ಅವರು ಒಮ್ಮೆ ನನ್ನ ಕಡೆ ನೋಡಿದರು. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಸಿದ್ಧಾರ್ಥನನ್ನು ಒಂದು ವರ್ಷ ಹೊರಗೆ ಹಾಕಿದರು. ಮರುಪರೀಕ್ಷೆ ನಡೆಯಿತು. ಶಿಲ್ಪಾಗೆ ಎಚ್ಚರಿಕೆ ಪತ್ರ ಕೊಟ್ಟು ಸೀಟು ಉಳಿಸಿದರು. ಮೇಡಂ ಕೆಲಸ ಅಂದೇ ಹೋಯಿತು, ಅವರ ಖಾತೆ ಅಳಿಸುವಂತೆ ನನಗೆ ಆದೇಶ ಬಂತು. ಆ ಕೆಲಸವನ್ನು ಮಾತ್ರ ನಾನು ಅದೇ ಸಂಜೆ ಮಾಡಿ ಮುಗಿಸಿದೆ.